ಅಂಗೈಯಲ್ಲಿ ಲಿಂಗ, ಪಡಸಾಲೆಯಲ್ಲಿ ಫೋನು

ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ನಾನು ಲೆಕ್ಕ ಬರೆಯುವವನು. ಭತ್ತದ ಆವಕ, ಸೋನಾ ಮಸೂರಿಯ ದರ, ಲಾರಿ ಹೊರಟ ಸುದ್ದಿ ಎಲ್ಲವೂ ವಾಟ್ಸಾಪಿನಲ್ಲೇ ಬರುತ್ತವೆ. ಫೋನು ಬಿಟ್ಟುಬಿಡಿ ಎನ್ನುವ ಉಪದೇಶ ನನ್ನಂಥವರಿಗೆ ಒಗ್ಗುವುದಿಲ್ಲ. ದರ ನೋಡಲು ತೆರೆದ ಫೋನಿನಲ್ಲಿ ರೀಲ್ಸ್ ಶುರುವಾಗಿ ದರವೇ ಮರೆತುಹೋಗುವುದು ನಮ್ಮ ನಿಜವಾದ ತೊಂದರೆ.

ಮೊದಲು ಸೆಟ್ಟಿಂಗ್ಸ್ ಬದಲಿಸಿದೆ. ಕರೆಗಳು, ಗಿರಣಿಯ ಒಂದು ಗ್ರೂಪು ಬಿಟ್ಟು ಉಳಿದ ನೋಟಿಫಿಕೇಶನ್ ಎಲ್ಲ ಬಂದ್. ಲಾರಿ ಡ್ರೈವರ್‌ಗಳಿಗೆ "ಅರ್ಜೆಂಟ್ ಇದ್ರ ಮೆಸೇಜ್ ಬ್ಯಾಡ್ರಿ, ಫೋನ್ ಹಚ್ರಿ" ಎಂದೆ. ರೀಲ್ಸ್ ಆ್ಯಪ್ ತೆಗೆದೆ. ಕೊನೆಯಿಲ್ಲದೆ ಉರುಳುವ ಪುಟವನ್ನು 2006ರಲ್ಲಿ ರೂಪಿಸಿದ ಆಜಾ ರಾಸ್ಕಿನ್ ಅವರೇ ಮುಂದೆ ಅದಕ್ಕಾಗಿ ವಿಷಾದಪಟ್ಟಿದ್ದಾರೆ. ಪುಟ ಮುಗಿದರೆ ಕೈ ಒಂದು ಕ್ಷಣವಾದರೂ ನಿಲ್ಲುತ್ತದೆ, ಅಲ್ಲಿ ಆ ನಿಲುಗಡೆಯೇ ಇಲ್ಲ.

ಆದರೆ ಆ್ಯಪ್ ತೆಗೆದ ಮಾತ್ರಕ್ಕೆ ಕಣ್ಣಿನ ಚಡಪಡಿಕೆ ಹೋಗದು. ಅದಕ್ಕೆ ನನಗೆ ಒದಗಿದ್ದು ಹಿರಿಯರಿಂದ ಬಂದ ಇಷ್ಟಲಿಂಗ ಪೂಜೆ. ಸ್ನಾನ, ವಿಭೂತಿ ಆದ ಮೇಲೆ ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಎವೆಯಿಕ್ಕದೆ ನೋಡುವುದು. ಲಿಂಗದ ಕರಿಯ ಹೊಳಪಿನ ಮೇಲೆ ದೀಪದ ಬೆಳಕು ಸಣ್ಣ ಚುಕ್ಕಿಯಾಗಿ ಬೀಳುತ್ತದೆ. ನೋಟ ಅಲ್ಲಿ ನಿಲ್ಲಬೇಕು. ಕಣ್ಣಲ್ಲಿ ನೀರು ಬರುತ್ತದೆ, ಮನಸ್ಸು ನಿನ್ನೆಯ ಬಾಕಿ ಲೆಕ್ಕಕ್ಕೆ ಓಡುತ್ತದೆ, ಬಲಗೈ ಸುಮ್ಮನೆ ಜೇಬಿನತ್ತ ಸರಿಯುತ್ತದೆ. ಗೊತ್ತಾದ ಕೂಡಲೇ ಬೈದುಕೊಳ್ಳದೆ ಚುಕ್ಕಿಗೆ ಮರಳುತ್ತೇನೆ. ಮನಸ್ಸು ಓಡಿದರೆ ಧ್ಯಾನ ಕೆಟ್ಟಿತು ಎಂದುಕೊಂಡು ಎಷ್ಟೋ ಜನ ಎದ್ದುಬಿಡುತ್ತಾರೆ. ಹಾಗೆ ಮರಳುವುದೇ ಅಭ್ಯಾಸ ಎಂದು ಅವರಿಗೆ ಕೈಹಿಡಿದು ಹೇಳಬೇಕೆನಿಸುತ್ತದೆ. ಲಿಂಗಧಾರಣೆ ಇಲ್ಲದವರಿಗೆ ದೀಪದ ಕುಡಿ ಆದೀತು, ಮೂಗಿನ ತುದಿಯ ಉಸಿರೂ ಆದೀತು.

ಇದರ ಫಲ ಕಂಡದ್ದು ಗಿರಣಿಯ ಗದ್ದಲದಲ್ಲಿ. ಕೆಲಸವಿಲ್ಲದೆ ಫೋನು ಎತ್ತಬೇಕೆನಿಸಿದಾಗ ಆ ಸೆಳೆತ ಮೈಯಲ್ಲಿ ಎಲ್ಲಿದೆ ಎಂದು ನೋಡುತ್ತೇನೆ. ನನಗೆ ಅದು ಹೆಬ್ಬೆರಳಲ್ಲಿ, ಎದೆಯ ಕೆಳಗೆ. ಕೆಲವು ಉಸಿರು ಸುಮ್ಮನೆ ಇದ್ದರೆ ಏರಿದ್ದು ತಾನಾಗಿ ಇಳಿಯುತ್ತದೆ.

ರಾತ್ರಿ ಫೋನಿಗೆ ಮಲಗುವ ಕೋಣೆಯಲ್ಲಿ ಜಾಗವಿಲ್ಲ, ಚಾರ್ಜಿಂಗ್ ಪಡಸಾಲೆಯಲ್ಲಿ. ಎಬ್ಬಿಸಲು ಅಲಾರಾಂ ಗಡಿಯಾರ ತಂದಿದ್ದೇನೆ. ಭತ್ತದ ಕೊಯ್ಲಿನ ಕಾಲದಲ್ಲಿ ಅಪರಾತ್ರಿಯಲ್ಲೂ ಲೋಡು ಬರುತ್ತದೆ. ಆಗ ರಿಂಗ್ ಜೋರು ಮಾಡಿ ಅಲ್ಲೇ ಇಡುತ್ತೇನೆ, ಎದ್ದುಹೋಗಿ ನಿಂತೇ ಮಾತಾಡಿ ಬಂದು ಮಲಗುತ್ತೇನೆ. ಹೀಗೆ ಮಾಡಿದ್ದರಿಂದ ಒಂದು ಲಾರಿಯೂ ತಡವಾಗಿಲ್ಲ.