ಬಲಗಡೆಯ ಖಾಲಿ ಕಾಲಂ

ನನ್ನ ಹತ್ತಿರ ಪ್ರಾರ್ಥನೆಯ ನೋಟ್‌ಬುಕ್ ಒಂದಿತ್ತು. ಪ್ರತಿ ಪುಟದ ನಡುವೆ ಸ್ಕೇಲ್ ಇಟ್ಟು ಗೆರೆ ಎಳೆಯುತ್ತಿದ್ದೆ. ಎಡಗಡೆ ಬೇಡಿಕೆ ಮತ್ತು ತಾರೀಖು, ಬಲಗಡೆ ಉತ್ತರ ಸಿಕ್ಕ ದಿನ. ಚರ್ಚಿನ ಯುವಜನರ ಕೂಟದಲ್ಲಿ ಯಾರೋ ಹೇಳಿಕೊಟ್ಟ ಕ್ರಮ. ಪರೀಕ್ಷೆ, ಕೆಲಸ, ಮದುವೆ, ಮಗು ಎಂದು ಬಲಗಡೆ ಟಿಕ್ ಬೀಳುತ್ತಲೇ ಹೋಯಿತು. ಆ ಟಿಕ್ಕುಗಳ ಲೆಕ್ಕವನ್ನೇ ನಾನು ನಂಬಿಕೆ ಅಂದುಕೊಂಡಿದ್ದೆ ಎಂಬುದು ತಡವಾಗಿ ಗೊತ್ತಾಯಿತು.

ಅಣ್ಣನಿಗೆ ಕಾಯಿಲೆ ಬಂದ ಮೇಲೆ ಹದಿನಾಲ್ಕು ತಿಂಗಳು ಎಡಗಡೆ ಒಂದೇ ಬೇಡಿಕೆ. ಉಪವಾಸ ಪ್ರಾರ್ಥನೆ, ಒಬ್ಬರಾದ ಮೇಲೊಬ್ಬರು ಮುಂದುವರಿಸುವ ಸರಪಳಿ ಪ್ರಾರ್ಥನೆ, ಇಡೀ ರಾತ್ರಿಯ ಕೂಟ ಎಲ್ಲವೂ ಆಯಿತು. ಅದರ ನಡುವೆಯೇ ನನ್ನ ಕೆಲಸವೂ ಹೋಯಿತು. ಅಣ್ಣ ಉಳಿಯಲಿಲ್ಲ. ಮಣ್ಣು ಮಾಡಿ ಬಂದ ಮೂರನೇ ದಿನ ಮನೆಗೆ ಬಂದ ಹಿರಿಯರೊಬ್ಬರು, "ನೀವು ಇನ್ನೊಂಚೂರು ನಂಬಿದ್ದಿದ್ರೆ..." ಎಂದು ಅಲ್ಲಿಗೇ ನಿಲ್ಲಿಸಿದರು. ಪೂರ್ತಿ ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು.

ಭಾನುವಾರ ಸಭೆಗೆ, ಅಂದರೆ ಚರ್ಚಿಗೆ, ಹೋಗುವುದು ಬಿಟ್ಟೆ. ಸಂಡೇ ಸ್ಕೂಲ್‌ನಲ್ಲಿ ಪಾಠ ಹೇಳುವುದನ್ನು ಅದಕ್ಕೂ ಮೊದಲೇ ಬಿಟ್ಟಿದ್ದೆ. ದೇವರಿಲ್ಲ ಎಂದು ಅನಿಸಿತ್ತು ಅಂತೇನಲ್ಲ. ಇದ್ದಾನೆ, ಆದರೆ ನನ್ನ ಜೊತೆ ಮಾತು ಬಿಟ್ಟಿದ್ದಾನೆ ಅನಿಸಿತ್ತು. ನಾನೂ ಬಿಟ್ಟೆ.

ಮರಳಿ ಬಂದಿದ್ದು ಯಾವ ದರ್ಶನದಿಂದಲೂ ಅಲ್ಲ. ಶುರುವಾಗಿದ್ದು ನಿದ್ದೆಯಿಂದ. ರಾತ್ರಿ ಎರಡರವರೆಗೆ ಮೊಬೈಲ್ ಹಿಡಿದು ಕೂರುತ್ತಿದ್ದ ನನ್ನನ್ನು ಹೆಂಡತಿ ಒತ್ತಾಯ ಮಾಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಖಿನ್ನತೆ ಅಂದರು, ಮಾತ್ರೆ ಕೊಟ್ಟರು. ಮಾತ್ರೆ ನುಂಗುವುದು ಅವಿಶ್ವಾಸದ ಗುರುತು ಎಂದು ನಾಚಿಕೊಂಡಿದ್ದವನಿಗೆ ಬೈಬಲಿನ ಪ್ರವಾದಿ ಎಲೀಯನ ಕಥೆ ನೆನಪಾಯಿತು. ಒಂದನೇ ಅರಸುಗಳು 19ರಲ್ಲಿ ಅವನು ಗಿಡದ ಕೆಳಗೆ ಕೂತು, ಸಾಕು ಕರ್ತನೇ, ನನ್ನ ಪ್ರಾಣ ತೆಗೆದುಕೋ ಅನ್ನುತ್ತಾನೆ. ದೇವದೂತ ಬಂದವನು ಉಪದೇಶ ಮಾಡಲಿಲ್ಲ. ತಟ್ಟಿ ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ಎಲೀಯ ತಿಂದು ಮತ್ತೆ ಮಲಗಿದ. ಎರಡನೇ ಸಲವೂ ಎಬ್ಬಿಸಿ ಊಟವನ್ನೇ ಕೊಟ್ಟ. ಹೋರೇಬ್ ಬೆಟ್ಟದವರೆಗೆ ನಲವತ್ತು ದಿನ ನಡೆದದ್ದು ಆಮೇಲಿನ ಮಾತು. ನಾನೂ ಮೊದಲು ಮಲಗಿದೆ.

ಆಮೇಲೆ ಬೈಬಲಿನ ಕೀರ್ತನೆಗಳು. ನನ್ನದೇ ಮಾತಿನಲ್ಲಿ ಪ್ರಾರ್ಥಿಸಲು ಬಾಯಿ ಬರುತ್ತಿರಲಿಲ್ಲ. ಹಾಗಾಗಿ ಸಾಲ ತಂದ ಮಾತೇ ಆಗಲಿ ಎಂದು ಬೆಳಿಗ್ಗೆ ಒಂದು, ರಾತ್ರಿ ಒಂದು ಕೀರ್ತನೆ ಜೋರಾಗಿ ಓದಲು ಶುರುಮಾಡಿದೆ. ಮನಸ್ಸಿಗೆ ಹಿಡಿಸಲಿ ಬಿಡಲಿ, ಓದುವುದು ಮಾತ್ರ. 150 ಕೀರ್ತನೆಗೆ 75 ದಿನ ಎಂಬ ಲೆಕ್ಕ. (119ನೆಯದು ಲೆಕ್ಕ ಕೆಡಿಸಿತು. 176 ವಚನ! ಎಂಟೆಂಟು ವಚನದ ಭಾಗ ಮಾಡಿಕೊಂಡು ಮುಗಿಸಬೇಕಾಯಿತು.) ಹುಟ್ಟಿನಿಂದ ಸಭೆಯಲ್ಲೇ ಬೆಳೆದವನು ನಾನು. ಆದರೂ 23, 91, 121 ಬಿಟ್ಟರೆ ಉಳಿದವನ್ನು ಬಾಯಿಬಿಟ್ಟು ಓದಿದ್ದೇ ಕಡಿಮೆ. 13ನೇ ಕೀರ್ತನೆಯ ಮೊದಲ ಎರಡು ವಚನಗಳಲ್ಲೇ 'ಎಷ್ಟರವರೆಗೆ' ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. 88ನೆಯದಂತೂ ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ. ಉಳಿದ ಬಹುತೇಕ ಗೋಳಿನ ಕೀರ್ತನೆಗಳು ಕೊನೆಗಾದರೂ ಒಂದು ಸ್ತುತಿಯ ಕಡೆ ಹೊರಳುತ್ತವೆ, ಇದರಲ್ಲಿ ಅದೂ ಇಲ್ಲ. ಅದರ ತಲೆಬರಹದಲ್ಲಿ ಕೋರಹನ ವಂಶದವರ ಹೆಸರಿದೆ. ಎಂದರೆ ದೇವಾಲಯದ ಗಾಯಕರ ಮನೆತನದ ಹಾಡು ಅದು. ಜನ ಸೇರಿ ದೇವರ ಮುಂದೆ ನಿಂತು ಇದನ್ನೂ ಹಾಡಿರಬೇಕು.

ಅದನ್ನು ಓದಿದ ರಾತ್ರಿ ಅಡುಗೆಮನೆಯ ಮೇಜಿನ ಹತ್ತಿರ ಕೂತಿದ್ದೆ, ಮನೆಯವರೆಲ್ಲ ಮಲಗಿದ್ದರು. ಕೊನೆಯ ವಚನ ಓದಿ, ಮುಂದೆ ಇನ್ನೇನಾದರೂ ಇದೆಯೇ ಎಂದು ಪುಟ ತಿರುವಿದೆ. 89 ಶುರುವಾಗಿತ್ತು. ಮತ್ತೆ ಹಿಂದಕ್ಕೆ ಬಂದು ಇನ್ನೊಂದು ಸಲ ಓದಿದೆ, ಈ ಸಲ ಸ್ವಲ್ಪ ಸಿಟ್ಟಿನಲ್ಲೇ. ಅದು ನನಗೆ ಪ್ರಾರ್ಥನೆ ಆದದ್ದು ಆವಾಗ. ದೂರನ್ನು ದೇವರ ಬೆನ್ನ ಹಿಂದೆ ಆಡುತ್ತಿದ್ದವನು ಮುಖಕ್ಕೇ ಆಡತೊಡಗಿದೆ, ಅಷ್ಟೇ ಬದಲಾವಣೆ.

ಸಾಕ್ಷಿಗಳ ಬಗ್ಗೆ, ಅಂದರೆ ದೇವರು ತನಗೆ ಮಾಡಿದ್ದನ್ನು ಸಭೆಯ ಮುಂದೆ ನಿಂತು ಹೇಳುವುದರ ಬಗ್ಗೆ, ಒಂದು ಮಾತು. ನಮ್ಮ ಸಭೆಗಳಲ್ಲಿ ಸಾಕ್ಷಿ ಹೇಳುವವರೆಲ್ಲ ದಡ ಸೇರಿದವರೇ. ಅಮೆರಿಕದ ಮಿಷನರಿ ಅಡೊನಿರಾಮ್ ಜಡ್ಸನ್ ಕಥೆಯನ್ನೂ ನಾನು ಹಾಗೆಯೇ ಕೇಳಿದ್ದೆ, ಸಂಡೇ ಸ್ಕೂಲಿನಲ್ಲಿ ಹಾಗೆಯೇ ಹೇಳಿಯೂ ಇದ್ದೆ: 1813ರಲ್ಲಿ ಬರ್ಮಾ ಮುಟ್ಟಿದ, ಮೊದಲ ವಿಶ್ವಾಸಿ ದೀಕ್ಷಾಸ್ನಾನ ಪಡೆದದ್ದು 1819ರಲ್ಲಿ, ಆಮೇಲೆ ಇಡೀ ಬೈಬಲ್ ಬರ್ಮೀ ಭಾಷೆಗೆ ಬಂತು. ನಡುವೆ ಏನಾಯಿತು ಎಂದು ಓದಿದ್ದು ಈ ದಿನಗಳಲ್ಲಿ. 1826ರಲ್ಲಿ ಹೆಂಡತಿ ಆನ್ ತೀರಿಕೊಂಡಳು, ಕೆಲವೇ ತಿಂಗಳಲ್ಲಿ ಪುಟ್ಟ ಮಗಳೂ ಹೋದಳು. ಜಡ್ಸನ್ ಕಾಡು ಸೇರಿದ, ತನ್ನ ಗೋರಿಯನ್ನು ತಾನೇ ತೋಡಿ ಅದರ ಪಕ್ಕ ಕೂತ. ದೇವರನ್ನು ನಂಬುತ್ತೇನೆ, ಆದರೆ ಅವನು ನನಗೆ ಸಿಗುತ್ತಿಲ್ಲ ಎಂಬರ್ಥದ ಮಾತು ಬರೆದ. ಅಷ್ಟಾದರೂ ಅನುವಾದದ ಕೆಲಸ ಪೂರ್ತಿ ಬಿಡಲಿಲ್ಲ. 1834ರಲ್ಲಿ ಮುಗಿಸಿದ. ಮಕ್ಕಳಿಗೆ ಆ ಗೋರಿಯ ವಿಷಯವನ್ನೂ ಹೇಳಬೇಕು ಎಂದು ನನ್ನ ಅಭಿಪ್ರಾಯ. ಚಿಕ್ಕವರಿಗಲ್ಲ, ಹದಿನೈದು ದಾಟಿದವರಿಗೆ.

ಇದೆಲ್ಲ ಒಬ್ಬನೇ ಮಾಡಿದೆ ಅಂದರೆ ಸುಳ್ಳಾಗುತ್ತದೆ. ಸಭೆಯ ಗೆಳೆಯನೊಬ್ಬ ಪ್ರತಿ ಬುಧವಾರ ರಾತ್ರಿ ಫೋನ್ ಮಾಡುತ್ತಿದ್ದ. ವಚನ ಹೇಳುತ್ತಿರಲಿಲ್ಲ, ಯಾಕೆ ಸಭೆಗೆ ಬರಲಿಲ್ಲ ಅಂತಲೂ ಕೇಳುತ್ತಿರಲಿಲ್ಲ. "ಈ ವಾರ ಹೇಗಿತ್ತು ಮಾರಾಯ?" ಅಷ್ಟೇ. ಮೂರು ಬುಧವಾರ ನಾನು ಎತ್ತಲೇ ಇಲ್ಲ, ನಾಲ್ಕನೆಯದಕ್ಕೂ ಫೋನ್ ಬಂತು. ಬೈಬಲಿನಲ್ಲಿ ಅಪೊಸ್ತಲ ಪೌಲನೂ ಶಿಷ್ಯ ತಿಮೊಥೆಯನಿಗೆ ಬರೆದ ಕೊನೆಯ ಪತ್ರದಲ್ಲಿ ಇಂಥದ್ದನ್ನೇ ಕೇಳುತ್ತಾನೆ: ಬೇಗ ಬಾ, ಚಳಿಗಾಲಕ್ಕೆ ಮುಂಚೆ ಬಾ, ನನ್ನ ಮೇಲಂಗಿ ತಾ, ಮಾರ್ಕನನ್ನೂ ಕರಕೊಂಡು ಬಾ. ಸುವಾರ್ತೆಯ ಪ್ರಯಾಣದ ನಡುವೆ ಪಂಫುಲ್ಯ ಎಂಬ ಸೀಮೆಯಲ್ಲಿ ಕೈಬಿಟ್ಟು ಹೋದ ಎಂದು ತಾನೇ ಒಮ್ಮೆ ಬೇಡ ಅಂದಿದ್ದ ಮಾರ್ಕ. ಅರ್ಧ ದಾರಿಯಲ್ಲಿ ವಾಪಸ್ಸಾದವನನ್ನು ಮತ್ತೆ ಕರೆಸಿಕೊಳ್ಳುವ ಆ ಒಂದು ಸಾಲು ನನಗೆ ಇಡೀ ಪತ್ರಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದಿದೆ.

ಸಭೆಗೆ ಮತ್ತೆ ಹೋದಾಗ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದೆ, ಬಾಗಿಲು ಹತ್ತಿರ ಇರಲಿ ಎಂದು. ಹಾಡುವಾಗ ಗಂಟಲು ಕಟ್ಟುತ್ತಿತ್ತು, ಸುಮ್ಮನೆ ನಿಲ್ಲುತ್ತಿದ್ದೆ. ಪಕ್ಕದಲ್ಲಿದ್ದ ವಯಸ್ಸಾದ ಅಮ್ಮ ಹಾಡಿನ ಪುಸ್ತಕವನ್ನು ನನ್ನ ಕಡೆ ಸರಿಸಿ, ಸಾಲಿನ ಕೆಳಗೆ ಬೆರಳಿಟ್ಟು ಓಡಿಸುತ್ತಾ ಹಾಡುತ್ತಿದ್ದರು. ನನಗೆ ಹಾಡು ಗೊತ್ತಿಲ್ಲ ಎಂದುಕೊಂಡಿದ್ದರೋ ಏನೋ. ಆ ಹಾಡು ನನಗೆ ಬಾಯಿಪಾಠ. ಹೇಳಲಿಲ್ಲ. ಅವರು ಹಾಡಿದ್ದು ಇಬ್ಬರ ಲೆಕ್ಕಕ್ಕೂ ಸೇರಲಿ ಎಂದು ಬೆರಳನ್ನೇ ನೋಡುತ್ತಾ ನಿಂತಿರುತ್ತಿದ್ದೆ.

ಕೆಲಸ ಸಿಕ್ಕಿತು, ಮೊದಲಿಗಿಂತ ಕಡಿಮೆ ಸಂಬಳದ್ದು. ಮಾತ್ರೆ ಈಗ ಡಾಕ್ಟರು ಹೇಳಿಯೇ ನಿಂತಿದೆ. ನೋಟ್‌ಬುಕ್ ಮತ್ತೆ ಬರೆಯುತ್ತಿದ್ದೇನೆ, ನಡುವೆ ಗೆರೆ ಎಳೆಯುವುದಿಲ್ಲ. ಹಳೆಯದನ್ನು ಎಸೆದಿಲ್ಲ. ಆ ಹದಿನಾಲ್ಕು ತಿಂಗಳ ಪುಟಗಳಲ್ಲಿ ಬಲಗಡೆ ಇನ್ನೂ ಖಾಲಿ.

ಹೋದ ತಿಂಗಳು ಸಭಾಪಾಲಕರು, "ಬ್ರದರ್, ಈ ಭಾನುವಾರ ನೀವು ಸಾಕ್ಷಿ ಹೇಳ್ಬೇಕು" ಅಂದರು.

"ಉತ್ತರ ಸಿಗದೇ ಇದ್ದ ಪ್ರಾರ್ಥನೆ ಬಗ್ಗೆ ಹೇಳ್ಬಹುದಾ ಅಯ್ಯನೋರೇ?" ಅಂತ ಕೇಳಿದೆ.

ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. "ಐದು ನಿಮಿಷ ಸಾಕಾಗುತ್ತಾ?" ಅಂದರು.