ಹಳೇ ಟಿಕೆಟ್‌ಗೆ ಲ್ಯಾಮಿನೇಷನ್ ಮಾಡಿಸಬೇಡಿ

ಆಸ್ಟಿನ್ ಟೌನ್‌ನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಜೆರಾಕ್ಸ್, ಸ್ಪೈರಲ್ ಬೈಂಡಿಂಗ್, ಲ್ಯಾಮಿನೇಷನ್, ಪಾಸ್‌ಪೋರ್ಟ್ ಸೈಜ್ ಫೋಟೊ. ದಿನಕ್ಕೆ ಏನಿಲ್ಲವೆಂದರೂ ಇಪ್ಪತ್ತು ಕಾಗದ ಲ್ಯಾಮಿನೇಟ್ ಮಾಡುವವನು ನಾನು. ಅಂಥ ನಾನೇ ಒಂದು ದಿನ, 2016ರ ಅಕ್ಟೋಬರ್ 19ರ ಬಿಎಂಟಿಸಿ ಟಿಕೆಟನ್ನು ಪೌಚ್‌ನಲ್ಲಿಟ್ಟು ಮೆಷಿನ್‌ಗೆ ಕೊಟ್ಟೆ. ಆಚೆ ಬಂದಿದ್ದು ಒಂದು ಕಪ್ಪು ಪಟ್ಟಿ. ಅದರಲ್ಲಿ ಅಕ್ಷರ ಒಂದೂ ಇಲ್ಲ.

ಒಂದು ಬಸ್ ಟಿಕೆಟ್‌ಗೆ ಇಷ್ಟು ಗೋಳಾ ಅನ್ನಬೇಡಿ. ಆ ಸಂಜೆ ಕಂಠೀರವ ಸ್ಟೇಡಿಯಂನಲ್ಲಿ ನಮ್ಮ ಫುಟ್‌ಬಾಲ್ ಕ್ಲಬ್ ಬೆಂಗಳೂರು ಎಫ್‌ಸಿ (ಬಿಎಫ್‌ಸಿ), ಮಲೇಷ್ಯಾದ ಜೋಹರ್ ದಾರುಲ್ ತಾಜಿಮ್ ತಂಡವನ್ನು 3-1ರಿಂದ ಸೋಲಿಸಿತ್ತು. ಏಷ್ಯಾದ ಕ್ಲಬ್‌ಗಳು ಆಡುವ ಎಎಫ್‌ಸಿ ಕಪ್ ಸೆಮಿಫೈನಲ್‌ನ ಎರಡನೇ ಲೆಗ್, ಅಂದರೆ ಎರಡು ಪಂದ್ಯಗಳಲ್ಲಿ ಎರಡನೆಯದು. ಎದುರಿಗಿದ್ದದ್ದು ಹಿಂದಿನ ವರ್ಷದ ಚಾಂಪಿಯನ್. ಮೊದಲ ಗೋಲ್ ಹೊಡೆದದ್ದೂ ಅವರೇ. ಆಮೇಲೆ ನಮ್ಮ ಸುನಿಲ್ ಚೆಟ್ರಿ ಎರಡು, ಹುವಾನಾನ್ ಒಂದು. ಭಾರತದ ಕ್ಲಬ್ಬೊಂದು ಆ ಕಪ್‌ನ ಫೈನಲ್‌ಗೆ ಹೋಗಿದ್ದು ಅದೇ ಮೊದಲು. ಕಾರ್ಪೊರೇಷನ್ ಸ್ಟಾಪ್‌ನಲ್ಲಿ ಇಳಿದು ಓಡಿದವನ ಜೇಬಿನಲ್ಲಿ ಉಳಿದಿದ್ದು ಆ ಟಿಕೆಟ್. ಅದನ್ನು ಸುಟ್ಟವನೂ ನಾನೇ.

ಆದ್ದರಿಂದ ನೆಚ್ಚಿನ ತಂಡದ ನೆನಪುಗಳನ್ನು ಜೋಪಾನ ಮಾಡುವವರಿಗೆ ಮೊದಲ ಪಾಠ ಇದು. ಬಸ್ ಟಿಕೆಟ್, ಎಟಿಎಂ ಚೀಟಿ, ಹೋಟೆಲ್ ಬಿಲ್, ಈಗಿನ ಬಹಳಷ್ಟು ಪ್ರವೇಶ ಟಿಕೆಟ್, ಇವೆಲ್ಲ ಥರ್ಮಲ್ ಕಾಗದ. ಅದರಲ್ಲಿ ಇಂಕ್ ಇರುವುದಿಲ್ಲ. ಬಿಸಿ ತಾಗಿದ ಕಡೆ ಕಾಗದವೇ ಕಪ್ಪಾಗುತ್ತದೆ, ಅಕ್ಷರ ಮೂಡುವುದೇ ಹಾಗೆ. ಲ್ಯಾಮಿನೇಷನ್ ಮೆಷಿನ್ ಪೂರ್ತಿ ಬಿಸಿ, ಹಾಗಾಗಿ ಟಿಕೆಟ್ಟೂ ಪೂರ್ತಿ ಕಪ್ಪು. ನಿಮ್ಮ ಟಿಕೆಟ್ ಥರ್ಮಲ್ ಹೌದೋ ಅಲ್ಲವೋ ಗೊತ್ತಾಗದಿದ್ದರೆ ಏನೂ ಬರೆದಿರದ ಮೂಲೆಯನ್ನು ಉಗುರಿನಿಂದ ಜೋರಾಗಿ ಗೀರಿ ನೋಡಿ. ಬೂದು ಗೆರೆ ಬಂದರೆ ಥರ್ಮಲ್.

ಥರ್ಮಲ್ ಟಿಕೆಟ್ ಸುಮ್ನೆ ಇಟ್ಟರೂ ಎರಡು-ಮೂರು ವರ್ಷದಲ್ಲಿ ಮಾಸುತ್ತದೆ. ಆದ್ದರಿಂದ ಇವತ್ತೇ ಸ್ಕ್ಯಾನ್ ಮಾಡಿಸಿ. 600 ಡಿಪಿಐ ಇರಲಿ, ಕಡಿಮೆ ಬೇಡ. ಒಂದು ಜೆರಾಕ್ಸೂ ತೆಗೆಸಿ. ಆಮೇಲೆ ಮೂಲ ಟಿಕೆಟನ್ನು ಬಟರ್ ಪೇಪರ್‌ನಲ್ಲಿ ಸುತ್ತಿ, ಕಂದು ಕಾಗದದ ಕವರ್‌ನಲ್ಲಿಟ್ಟು, ಬಿಸಿಲು ಬೀಳದ ಕಡೆ ಇಡಿ. ಪರ್ಸ್‌ನ ಪ್ಲಾಸ್ಟಿಕ್ ಕಿಟಕಿ ಇದೆಯಲ್ಲ, ಅದು ಟಿಕೆಟ್‌ಗಳ ಸ್ಮಶಾನ. ಜೆರಾಕ್ಸ್ ಕಾಪಿಯನ್ನೂ ಅಗ್ಗದ ಪ್ಲಾಸ್ಟಿಕ್ ಫೋಲ್ಡರ್‌ಗೆ ಹಾಕಬೇಡಿ. ವರ್ಷ ಕಳೆದ ಮೇಲೆ ತೆಗೆದರೆ ಅಕ್ಷರವೆಲ್ಲ ಪ್ಲಾಸ್ಟಿಕ್‌ಗೆ ಅಂಟಿಕೊಂಡಿರುತ್ತದೆ. ಸೆಲ್ಲೋ ಟೇಪ್ ಅಂತೂ ಬೇಡವೇ ಬೇಡ. ಹಳದಿ ಕಲೆ ಬಿಟ್ಟು ತಾನು ಉದುರಿ ಹೋಗುತ್ತದೆ.

ಪತ್ರಿಕೆಯ ತುಣುಕುಗಳಿಗೆ ಇಷ್ಟು ಉಪಚಾರ ಬೇಕಿಲ್ಲ. ಆ ಕಾಗದ ಹೇಗಿದ್ದರೂ ಹಳದಿಯಾಗುತ್ತದೆ. 300 ಡಿಪಿಐ ಸ್ಕ್ಯಾನ್ ಸಾಕು. ಆದರೆ ಕತ್ತರಿಸುವಾಗ ಪುಟದ ಮೇಲಿನ ತಾರೀಖು ಸೇರಿಸಿ ಕತ್ತರಿಸಿ. ನನ್ನ ಹತ್ತಿರ ತಾರೀಖಿಲ್ಲದ ಹದಿನೇಳು ತುಣುಕುಗಳಿವೆ. ಎಲ್ಲದರಲ್ಲೂ ಚೆಟ್ರಿ ಕೈ ಎತ್ತಿ ಓಡುತ್ತಿದ್ದಾರೆ. ಯಾವ ಗೋಲ್ ಅಂತ ಹೇಳುವುದು?

ಜೆರ್ಸಿ, ಸ್ಕಾರ್ಫ್, ಬ್ಯಾನರ್

ಜೆರ್ಸಿ ಪಾಲಿಯೆಸ್ಟರ್. ಅದನ್ನು ಹುಳ ತಿನ್ನುವುದಿಲ್ಲ. ನುಸಿಗುಳಿಗೆ ಹಾಕಲೇಬೇಡಿ, ಅದರಿಂದ ಬೆನ್ನಿನ ಮೇಲಿನ ಪ್ಲಾಸ್ಟಿಕ್ ನಂಬರ್ ಕೆಡುತ್ತದೆ. ತಣ್ಣೀರಲ್ಲಿ, ಒಳಮೈ ಹೊರಗೆ ಮಾಡಿ ಒಗೆಯಿರಿ. ನೆರಳಲ್ಲಿ ಒಣಗಿಸಿ. ಇಸ್ತ್ರಿಯವರಿಗೆ ಕೊಡುವ ಬಟ್ಟೆ ಗಂಟಿನಲ್ಲಿ ಅಪ್ಪಿತಪ್ಪಿಯೂ ಸೇರಿಸಬೇಡಿ. ಮಡಚುವಾಗ ನಂಬರ್ ಮೇಲೆ ಮಡಿಕೆ ಬರದ ಹಾಗೆ ನೋಡಿಕೊಳ್ಳಿ. ಆಟಗಾರರ ಸಹಿ ಇದ್ದರೆ ಒಗೆಯಲೇಬೇಡಿ, ಬೆವರಿನ ವಾಸನೆ ಇದ್ದರೆ ಇರಲಿ.

ಸ್ಕಾರ್ಫ್‌ಗೆ ಏನೂ ಬೇಕಿಲ್ಲ, ಮಡಚಿ ಇಡಿ. ಕೈಯಲ್ಲಿ ಬರೆದ ಬಟ್ಟೆ ಬ್ಯಾನರನ್ನು ಮಾತ್ರ ಮಡಚಬಾರದು. ಮಡಿಕೆಯಲ್ಲಿ ಬಣ್ಣ ಬಿರುಕು ಬಿಡುತ್ತದೆ. ಫ್ಲೆಕ್ಸ್ ಪ್ರಿಂಟ್ ಮಾಡುವವರ ಹತ್ತಿರ ಉದ್ದನೆಯ ರಟ್ಟಿನ ಕೊಳವೆ ಬಿದ್ದಿರುತ್ತದೆ. ಕೇಳಿದರೆ ಪುಕ್ಕಟೆ ಕೊಡುತ್ತಾರೆ. ಬಣ್ಣದ ಮುಖ ಹೊರಗೆ ಬರುವ ಹಾಗೆ ಅದಕ್ಕೆ ಸುತ್ತಿ.

ಫೋಟೊಗಳ ವಿಷಯ ಬೇಗ ಮುಗಿಸುತ್ತೇನೆ. ವಾಟ್ಸಾಪ್‌ನಲ್ಲಿ ಫೋಟೊ ಅಂತ ಕಳಿಸಿದರೆ ಅದು ಕುಗ್ಗುತ್ತದೆ, ತೆಗೆದ ದಿನವೂ ಅಳಿಸಿ ಹೋಗುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಲು ಹೇಳಿ. ಫೈಲ್ ಹೆಸರು ವರ್ಷದಿಂದ ಶುರುವಾಗಲಿ: 2013-09-22, ಎದುರಾಳಿ, ಯಾರು ತೆಗೆದದ್ದು. ಆಗ ಕಂಪ್ಯೂಟರ್ ತಾನೇ ಸಾಲಾಗಿ ಜೋಡಿಸುತ್ತದೆ.

ನೆನಪನ್ನೂ ಪರೀಕ್ಷೆ ಮಾಡಿ

ನಿಜವಾದ ಕಷ್ಟ ಇರುವುದು ಇಲ್ಲಿ. ಕಾಗದಕ್ಕಿಂತ ಬೇಗ ಕೆಡುವುದು ನಮ್ಮ ತಲೆ. ಕಾಗದ ಮಾಸುತ್ತದೆ, ತಲೆಯಲ್ಲಿರುವುದು ದಪ್ಪಗಾಗುತ್ತಾ ಹೋಗುತ್ತದೆ.

ಕ್ಲಬ್‌ನ ಮೊದಲ ಪಂದ್ಯಕ್ಕೆ ನಾನು ಹೋಗಿದ್ದೆ. 2013ರ ಸೆಪ್ಟೆಂಬರ್ 22, ಭಾನುವಾರ. ಆಗ ತವರು ಮೈದಾನ ಕಂಠೀರವ ಅಲ್ಲ, ಗರುಡಾ ಮಾಲ್ ಪಕ್ಕದ ಫುಟ್‌ಬಾಲ್ ಸ್ಟೇಡಿಯಂ. ಆಸ್ಟಿನ್ ಟೌನ್‌ನಿಂದ ನಡೆದೇ ಹೋಗಬಹುದು. ಕೃತಕ ಹುಲ್ಲು, ಗ್ಯಾಲರಿಗೂ ಗೆರೆಗೂ ನಡುವೆ ಜಾಸ್ತಿ ದೂರವಿಲ್ಲ. ಆಟಗಾರರು ಬೈದಾಡುವುದು ಕೇಳಿಸುತ್ತಿತ್ತು. ಅಲ್ಲಿನ ಪಶ್ಚಿಮದ ಗ್ಯಾಲರಿಯಿಂದಲೇ ‘ವೆಸ್ಟ್ ಬ್ಲಾಕ್ ಬ್ಲೂಸ್’ ಅನ್ನುವ ನಮ್ಮ ಅಭಿಮಾನಿ ಬಳಗದ ಹೆಸರು ಹುಟ್ಟಿದ್ದು. ಎದುರಾಳಿ ಕೋಲ್ಕತ್ತದ ಮೋಹನ್ ಬಾಗನ್. ಪಂದ್ಯ 1-1. ಕ್ಲಬ್‌ನ ಮೊಟ್ಟಮೊದಲ ಗೋಲ್ ಚೆಟ್ರಿಯದು ಅಂತ ನಾನು ಎಂಟು ವರ್ಷ ಎಲ್ಲರಿಗೂ ಹೇಳುತ್ತಾ ಬಂದೆ. ಚೆಟ್ರಿ ಓಡಿದ ದಾರಿಯನ್ನೂ ಕೈಯಲ್ಲಿ ತೋರಿಸುತ್ತಿದ್ದೆ. ಒಂದು ದಿನ ಅಂಗಡಿಗೆ ಪ್ರಾಜೆಕ್ಟ್ ಬೈಂಡಿಂಗ್‌ಗೆ ಬಂದ ಪಿಯುಸಿ ಹುಡುಗ, “ಅಣ್ಣ, ಅದು ಶಾನ್ ರೂನಿ ಗೋಲ್ ಅಲ್ವಾ?” ಅಂದ. ಹೌದು, ಆಸ್ಟ್ರೇಲಿಯಾದ ರೂನಿ. ಆ ಹುಡುಗ 2013ರಲ್ಲಿ ಎರಡನೇ ಕ್ಲಾಸಿನಲ್ಲಿದ್ದನಂತೆ.

ಅವತ್ತಿನಿಂದ ನಾನು ಮಾಡುವ ಕ್ರಮ ಹೇಳುತ್ತೇನೆ. ಒಂದು ಉದ್ದ ನೋಟ್‌ಬುಕ್ ತೆಗೆದುಕೊಳ್ಳಿ. ಎಡಪುಟದಲ್ಲಿ ನಿಮಗೆ ನೆನಪಿರುವುದನ್ನು ಬರೆಯಿರಿ, ಯಾವುದನ್ನೂ ನೋಡದೆ. ಬಲಪುಟದಲ್ಲಿ ಮರುದಿನದ ಪತ್ರಿಕೆಯ ಕ್ರೀಡಾಪುಟದಲ್ಲಿ ಏನಿದೆಯೋ ಅದನ್ನು ಬರೆಯಿರಿ. ಎರಡೂ ಹೊಂದದ ಕಡೆ ಎಡಪುಟವನ್ನು ಹೊಡೆದುಹಾಕಬೇಡಿ. ಪಕ್ಕದಲ್ಲಿ ಒಂದು ಸೊನ್ನೆ ಸುತ್ತಿ ಬಿಡಿ, ಸಾಕು. ನನ್ನ ನೋಟ್‌ಬುಕ್‌ನಲ್ಲಿ ಸೊನ್ನೆ ಜಾಸ್ತಿ ಇರುವುದು ಗೆದ್ದ ಪಂದ್ಯಗಳಲ್ಲಿ. ಸೋತದ್ದು ಅಕ್ಷರಕ್ಷರ ನೆನಪಿದೆ.

ಸೋತದ್ದನ್ನೂ ಪೆಟ್ಟಿಗೆಗೆ ಹಾಕಿ ಅಂತ ಹೇಳುವುದು ಇದಕ್ಕೇ. ಹಳಬರ ಬಾಯಲ್ಲಿ ಬರೀ ಕಪ್‌ಗಳೇ ಇರುತ್ತವೆ: ಆಶ್ಲೆ ವೆಸ್ಟ್‌ವುಡ್ ಕೋಚ್ ಆಗಿದ್ದ ಮೊದಲ ವರ್ಷವೇ ಆಗಿನ ದೇಶದ ದೊಡ್ಡ ಲೀಗ್ ಆದ ಐ-ಲೀಗ್, 2014ರ ಏಪ್ರಿಲ್ 21ರಂದು ಗೋವಾದಲ್ಲಿ ಡೆಂಪೊ ವಿರುದ್ಧ 4-2. ಸರಿ, ಯಾರು ಮರೆಯುತ್ತಾರೆ? ಆದರೆ 2015ರ ಮೇ 31 ಕೂಡ ನಮ್ಮದೇ. ಐ-ಲೀಗ್‌ನ ಕೊನೆಯ ಪಂದ್ಯ, ಕಂಠೀರವದಲ್ಲಿ ಮತ್ತೆ ಮೋಹನ್ ಬಾಗನ್. ನಾವು ಗೆಲ್ಲಲೇಬೇಕಿತ್ತು, ಅವರಿಗೆ ಡ್ರಾ ಸಾಕಿತ್ತು. ಜಾನ್ ಜಾನ್ಸನ್ ಮೊದಲರ್ಧದಲ್ಲೇ ಗೋಲ್ ಹೊಡೆದರು. 87ನೇ ನಿಮಿಷ, ಒಂದು ಕಾರ್ನರ್, ಬೆಲ್ಲೊ ರಜಾಕ್ ಹೆಡರ್, 1-1. ನಮ್ಮ ಊರಲ್ಲೇ ಅವರು ಕಪ್ ಎತ್ತಿದರು. 2018ರ ಮಾರ್ಚ್ 17ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್ಲೂ ಕಂಠೀರವದಲ್ಲೇ. ಚೆಟ್ರಿ ಒಂಬತ್ತನೇ ನಿಮಿಷಕ್ಕೇ ಗೋಲ್ ಹೊಡೆದ ಮೇಲೂ ಚೆನ್ನೈಯಿನ್ ಎದುರು 2-3. ಆ ಎರಡು ಟಿಕೆಟ್ ಎಸೆದವರೇ ಜಾಸ್ತಿ. ನನ್ನ ಹತ್ತಿರ ಎರಡೂ ಇವೆ. 2018ರದ್ದನ್ನು ಮುದ್ದೆ ಮಾಡಿ ಬಿಸಾಕಿದ್ದೆ, ನನ್ನ ಹೆಂಡತಿ ಎತ್ತಿ ಬ್ಯಾಗಿಗೆ ಹಾಕಿಕೊಂಡಿದ್ದಳು. ಮುದ್ದೆಯಾದ ಕಾಗದವನ್ನು ಬಿಡಿಸಿ, ಎರಡು ಬಿಳಿ ಹಾಳೆಯ ನಡುವೆ ಇಟ್ಟು, ಮೇಲೆ ದಪ್ಪ ಪುಸ್ತಕ ಹೇರಿ ಒಂದು ವಾರ ಬಿಡಿ. ನೀರು, ಇಸ್ತ್ರಿ ಎರಡೂ ಬೇಡ.

ಹಿರಿಯರ ಮಾತು ರೆಕಾರ್ಡ್ ಮಾಡುವುದು

ಇದನ್ನು ಮುಂದೂಡಬೇಡಿ. ಹೇಗೆ ಕೇಳಬೇಕು ಅನ್ನುವುದು ನನಗೆ ನಮ್ಮ ಚಿಕ್ಕಪ್ಪನಿಂದ ಗೊತ್ತಾಯಿತು. ಅವರ ಕಾಲದಲ್ಲಿ ಐಟಿಐ, ಎಚ್‌ಎಎಲ್ ಕಾರ್ಖಾನೆ ತಂಡಗಳ ಪಂದ್ಯ ಅಂದರೆ ಡ್ಯೂಟಿ ಮುಗಿಸಿ ಸೈಕಲ್‌ನಲ್ಲಿ ಬರುತ್ತಿದ್ದವರು. “ಚಿಕ್ಕಪ್ಪ, ಬಿಎಫ್‌ಸಿಯ ಹಳೇ ದಿನಗಳ ಬಗ್ಗೆ ಸಂಗ್ರಹ ಮಾಡ್ತಿದ್ದೀನಿ” ಅಂದೆ.

“ಹಳೇ ದಿನ ಅಂದ್ರೆ?”

“2013.”

“ಥೂ, ನನ್ನ ಚಪ್ಪಲಿ ಅದಕ್ಕಿಂತ ಹಳೇದು ಕಣೋ” ಅಂದರು.

ಆಮೇಲೆ ಶುರು ಮಾಡಿದರು. 1937ರಲ್ಲಿ ಮುಂಬೈಯಲ್ಲಿ ನಡೆಯುತ್ತಿದ್ದ ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಅವರೇ ಗೆದ್ದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ನಮ್ಮ ದೇಶದ ಒಂದೇ ಗೋಲ್ ಹೊಡೆದದ್ದು ಬೆಂಗಳೂರಿನ ರಾಮನ್. ಸೋತದ್ದು 1-2, ಎರಡು ಪೆನಾಲ್ಟಿ ಕೈಬಿಟ್ಟು. ಹೆಚ್ಚಿನವರು ಬರಿಗಾಲಲ್ಲಿ ಆಡಿದ್ದರು. ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್‌ನಲ್ಲಿ ಪಂಚಪಾಂಡವರು ಅನ್ನಿಸಿಕೊಂಡ ಐದು ಫಾರ್ವರ್ಡ್ ಆಟಗಾರರಲ್ಲಿ ಒಬ್ಬರಾದ ಅಹ್ಮದ್ ಖಾನ್ ಕೂಡ ಇಲ್ಲಿಯವರೇ. ಇದನ್ನೆಲ್ಲ ಚಿಕ್ಕಪ್ಪ ಕಣ್ಣಾರೆ ನೋಡಿದ್ದಲ್ಲ, ಅವರ ಅಪ್ಪನಿಂದ ಕೇಳಿದ್ದು. ನಾನು ಬಲಪುಟದಲ್ಲಿ ಹುಡುಕಿ ನೋಡಿದೆ. ಒಂದೂ ಸೊನ್ನೆ ಬೀಳಲಿಲ್ಲ. ನನಗೇ ನಾಚಿಕೆಯಾಯಿತು.

ಹಾಗಾಗಿ ರೆಕಾರ್ಡ್ ಮಾಡುವವರಿಗೆ ನಾಲ್ಕು ಮಾತು. ಮೊದಲು ಒಪ್ಪಿಗೆ ಕೇಳಿ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಟವೆಲ್ ಮೇಲೆ ಇಡಿ. ಬರಿ ಟೇಬಲ್ ಮೇಲಿಟ್ಟರೆ ಕಾಫಿ ಲೋಟದ ಸದ್ದೇ ಜಾಸ್ತಿ ಬರುತ್ತದೆ. ಫ್ಯಾನ್ ಆರಿಸಿ. “ಆಗ ಹೇಗಿತ್ತು?” ಅಂತ ಕೇಳಬೇಡಿ, “ಚೆನ್ನಾಗಿತ್ತಪ್ಪಾ” ಅಂತಲೇ ಉತ್ತರ ಬರುತ್ತದೆ. ಸೈಕಲ್ ಎಲ್ಲಿ ನಿಲ್ಲಿಸುತ್ತಿದ್ದಿರಿ, ಟಿಕೆಟ್ ಎಷ್ಟಿತ್ತು, ಪಕ್ಕದಲ್ಲಿ ಯಾರು ಕೂರುತ್ತಿದ್ದರು, ಸೋತ ದಿನ ಮನೆಗೆ ಹೋಗಿ ಏನು ಹೇಳುತ್ತಿದ್ದಿರಿ, ಹೀಗೆ ಕೇಳಿ. ಸೈಕಲ್ ಸ್ಟ್ಯಾಂಡ್‌ನಿಂದ ಶುರುವಾದ ಮಾತು ಗೋಲ್‌ಗೆ ತಾನಾಗಿ ಬರುತ್ತದೆ. ನಡುವೆ ತಪ್ಪು ಹೇಳಿದರೆ ತಿದ್ದಬೇಡಿ. ತಿದ್ದುವುದಕ್ಕೆ ಬಲಪುಟ ಇದೆ.

ಒಂದು ಸಂಜೆ ಸೇರುವುದಾದರೆ

ವರ್ಷಕ್ಕೊಮ್ಮೆ ನಾವು ಹದಿನೈದು ಜನ ಅಂಗಡಿಯ ಶಟರ್ ಅರ್ಧ ಎಳೆದು ಸೇರುತ್ತೇವೆ. ಹಳೇ ಪಂದ್ಯದ ವಿಡಿಯೊ ಪೂರ್ತಿ ಹಾಕಬೇಡಿ. ಫಲಿತಾಂಶ ಗೊತ್ತಿರುವ ತೊಂಬತ್ತು ನಿಮಿಷ ಯಾರೂ ಕೂರುವುದಿಲ್ಲ. ಇಪ್ಪತ್ತು ನಿಮಿಷ ಸಾಕು. ಪ್ರತಿಯೊಬ್ಬರೂ ಒಂದು ವಸ್ತು ತರಬೇಕು. ವಸ್ತು ಇಲ್ಲದೆ ಬರೀ ಬಾಯಿ ತರುವವರಿಗೆ ಕೊನೆಯಲ್ಲಿ ಅವಕಾಶ. ಐಎಸ್‌ಎಲ್‌ಗೆ ಬಂದ ಮೇಲೆ, ಅಂದರೆ 2017ರ ನಂತರ ಸೇರಿದವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಪ್ರಶ್ನೆ ಕೇಳುವ ಹಕ್ಕು ಅವರದು. ಇನ್ನೊಂದು ನಿಯಮ: “ಆಗಿನ ಮಜಾನೇ ಬೇರೆ” ಅಂದವರು ಡಬ್ಬಿಗೆ ಹತ್ತು ರೂಪಾಯಿ ಹಾಕಬೇಕು. ಹೋದ ಸಲ ಎಲ್ಲರ ಟೀ, ಬನ್ನು, ಮೇಲೊಂದು ಪ್ಯಾಕೆಟ್ ಚಕ್ಕುಲಿ ಅದರಲ್ಲೇ ಬಂತು. ಅರ್ಧ ದುಡ್ಡು ನನ್ನದು.

ಪೆಟ್ಟಿಗೆ ಎಲ್ಲಿಡಬೇಕು ಅಂತ ಹೇಳುವುದು ಮರೆತೆ. ಮಂಚದ ಕೆಳಗೆ ಬೇಡ, ಜೂನ್ ಬಂದರೆ ನೆಲ ಒದ್ದೆ. ಅಟ್ಟದ ಮೇಲೂ ಬೇಡ, ತಾರಸಿ ಕಾವು. ಬೀರುವಿನ ನಡುವಿನ ಹಂತ ಸರಿ. ಹೊಸ ಶೂ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಎರಡು ಹಾಕಿ. ಪ್ರತಿ ವಸ್ತುವಿನ ಜೊತೆ ಒಂದು ಚೀಟಿ ಇರಲಿ, ಪೆನ್ಸಿಲ್‌ನಲ್ಲಿ ಬರೆದದ್ದು: ಯಾವ ದಿನ, ಯಾರದು, ಹೇಗೆ ಸಿಕ್ಕಿತು.

ಆ ಕಪ್ಪು ಬಸ್ ಟಿಕೆಟ್ಟೂ ಪೆಟ್ಟಿಗೆಯಲ್ಲೇ ಇದೆ. ಅದರ ಚೀಟಿಯಲ್ಲಿ ಹೀಗಿದೆ: “19-10-2016, ಕಾರ್ಪೊರೇಷನ್ ಸ್ಟಾಪ್‌ವರೆಗೆ. ಸುಟ್ಟವನು ಅಂಗಡಿ ಮಾಲೀಕ.”