ಒಂದು ಗೋಲಿಗೆ ಒಂದು ಡಾಲರ್

ಮಗನಿಗೆ ಏಳು ವರ್ಷ ಆಗಿದ್ದಾಗ ನಮ್ಮ ಮನೆಯಲ್ಲಿ ಒಂದು ಮಾತಾಯ್ತು. ಒಂದು ಗೋಲು ಹೊಡೆದರೆ ಒಂದು ಡಾಲರ್. ಮಾತು ಕೊಟ್ಟವರು ನನ್ನ ಅಪ್ಪ. ಮೈಸೂರಿನಿಂದ ಆರು ತಿಂಗಳಿಗೆಂದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ಗೆ, ನಮ್ಮ ಮನೆಗೆ ಬಂದಿದ್ದರು. ಕಾರಿನಲ್ಲಿ ಪಕ್ಕದಲ್ಲೇ ಕೂತು "ಆಯ್ತು ಬಿಡಪ್ಪ" ಎಂದವಳು ನಾನು.

ಅಪ್ಪ ಹಾಗೆ ಹೇಳೋದಕ್ಕೆ ಕಾರಣ ಇತ್ತು. ಫುಟ್‌ಬಾಲ್ ಸೀಸನ್‌ನ ಮೊದಲ ಮೂರು ಶನಿವಾರವೂ ನನ್ನ ಮಗ ಪುಟ್ಟ, ಮೈದಾನದ ಅಂಚಿನಲ್ಲಿ ನಿಂತು ಹುಲ್ಲು ಕೀಳುತ್ತಿದ್ದ. ಬಾಲ್ ಹತ್ತಿರ ಬಂದರೆ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದ. ಮಡಚುವ ಕುರ್ಚಿಯಲ್ಲಿ ಕೂತ ಅಪ್ಪ "ಓಡೋ ಪುಟ್ಟ, ಓಡು" ಎಂದು ಕೂಗಿ ಕೂಗಿ ಸುಸ್ತಾದರು. ಅಪ್ಪನಿಗೆ ಗೊತ್ತಿದ್ದ ದಾರಿ ಒಂದೇ. ನಾನು ಎಸ್ಸೆಸ್ಸೆಲ್ಸಿ ಓದುವಾಗ ಶೇಕಡಾ 85 ಬಂದರೆ ಟೈಟಾನ್ ವಾಚ್ ಕೊಡಿಸ್ತೀನಿ ಅಂದಿದ್ದರು. ಬಂತು, ಕೊಡಿಸಿದರು. ನಮ್ಮ ಕಾಲದಲ್ಲಿ ಎಷ್ಟು ಮನೆಗಳಲ್ಲಿ ಸೈಕಲ್ಲು, ವಾಚು ಹೀಗೇ ಬಂದಿಲ್ಲ ಹೇಳಿ?

ಆ ವರ್ಷ ನಾನು ಅವನ ಟೀಮಿಗೆ ಅಸಿಸ್ಟೆಂಟ್ ಕೋಚ್ ಆಗಿದ್ದೆ. ನನಗೇನೂ ದೊಡ್ಡ ಅನುಭವ ಇರಲಿಲ್ಲ. ಇಲ್ಲಿ ಚಿಕ್ಕ ಮಕ್ಕಳ ಸಾಕರ್, ಅಂದರೆ ನಮ್ಮ ಫುಟ್‌ಬಾಲ್, ನಡೆಯೋದೇ ಅಪ್ಪ ಅಮ್ಮಂದಿರು ಸಂಬಳ ಇಲ್ಲದೆ ಮಾಡುವ ಕೆಲಸದಿಂದ. 1964ರಲ್ಲಿ ಕ್ಯಾಲಿಫೋರ್ನಿಯಾದ ಟಾರೆನ್ಸ್‌ನಲ್ಲಿ ಶುರುವಾದ ಎವೈಎಸ್‌ಒ ಎಂಬ ಮಕ್ಕಳ ಸಾಕರ್ ಸಂಸ್ಥೆಯಂತೂ ಇಂಥ ವಾಲಂಟಿಯರ್‌ಗಳಿಂದಲೇ ಬೆಳೆದದ್ದು. ಬಂದ ಮಕ್ಕಳೆಲ್ಲ ಆಡಲೇಬೇಕು ಅನ್ನೋದು ಅದರ ಮೊದಲ ತತ್ವ. ನನಗೆ ಅದು ತುಂಬಾ ಹಿಡಿಸಿದ ಮಾತು.

ಎಂಟು ವರ್ಷದೊಳಗಿನವರ ಆಟ ದೊಡ್ಡವರ ಫುಟ್‌ಬಾಲ್ ಥರ ಇರೋದಿಲ್ಲ. ಒಂದೊಂದು ಕಡೆ ನಾಲ್ಕೇ ಜನ. ಗೋಲ್‌ಕೀಪರ್ ಇಲ್ಲ. ಮೂರನೇ ಸೈಜಿನ ಚಿಕ್ಕ ಬಾಲ್, ಪುಟ್ಟ ಗೋಲ್ ಪೋಸ್ಟ್. ಎಲ್ಲರ ಕಾಲಿಗೂ ಬಾಲ್ ಜಾಸ್ತಿ ಸಿಗಲಿ ಅಂತ ಹೀಗೆ ಮಾಡಿರೋದು. ಸ್ಕೋರನ್ನೂ ಯಾರೂ ಬರೆದಿಡೋದಿಲ್ಲ. ಆದರೆ ಗೋಲುಗಳು ಸುಲಭವಾಗಿ ಬೀಳುತ್ತವೆ. ನಮ್ಮ ಮನೆಯಲ್ಲಿ ಮಾತ್ರ ಅವಕ್ಕೆ ಲೆಕ್ಕ ಇತ್ತು.

ನಾಲ್ಕನೇ ಶನಿವಾರ ಪುಟ್ಟ ಓಡಿದ! ಎರಡು ಗೋಲು ಹೊಡೆದ. ಮುಂದಿನ ವಾರ ಮೂರು. ಉಪ್ಪಿನಕಾಯಿ ಮುಗಿದ ಗಾಜಿನ ಬಾಟಲಿ ತೊಳೆದು ಅಪ್ಪ ಅದರಲ್ಲಿ ನೋಟು ಹಾಕಿದರು. ಫೋನಿನಲ್ಲಿ ಅಮ್ಮನಿಗೂ ಹೇಳಿದರು. ನನಗೂ ಖುಷಿಯೇ. ಹುಲ್ಲು ಕೀಳುತ್ತಿದ್ದ ಹುಡುಗ ಓಡ್ತಿದ್ದಾನೆ, ಇನ್ನೇನು ಬೇಕು?

ಆರನೇ ವಾರದ ಆಟ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ನಮ್ಮ ಟೀಮಿನಲ್ಲಿ ಎರಡು ಜಡೆಯ ಒಂದು ಹುಡುಗಿ ಇದ್ದಳು. ಆ ಸೀಸನ್‌ನಲ್ಲಿ ಅವಳು ಇನ್ನೂ ಒಂದು ಗೋಲೂ ಹೊಡೆದಿರಲಿಲ್ಲ. ಅವತ್ತು ಬಾಲ್ ಉರುಳಿಕೊಂಡು ಬಂದು ಅವಳ ಮುಂದೆ ನಿಂತಿತು. ಎರಡು ಹೆಜ್ಜೆ ಆಚೆ ಗೋಲು, ಅಡ್ಡ ಯಾರೂ ಇಲ್ಲ. ಅವಳು ಬಲಗಾಲನ್ನು ಹಿಂದಕ್ಕೆ ಎಳೆದಳು. ಅಷ್ಟರಲ್ಲಿ ಪಕ್ಕದಿಂದ ನನ್ನ ಮಗ ನುಗ್ಗಿ ಬಂದು ಬಾಲನ್ನು ಒಳಗೆ ತಳ್ಳಿಬಿಟ್ಟ. ಎತ್ತಿದ ಕಾಲು ಹಾಗೇ ಒಂದು ಕ್ಷಣ ಗಾಳಿಯಲ್ಲಿತ್ತು. ಆಮೇಲೆ ಅವಳು ಅದನ್ನು ಮೆತ್ತಗೆ ಕೆಳಗಿಟ್ಟು ಶೂ ನೋಡಿಕೊಂಡಳು. ಪುಟ್ಟ ಅವಳ ಕಡೆ ತಿರುಗಲೇ ಇಲ್ಲ. ಅವನು ನೋಡಿದ್ದು ತಾತನನ್ನು. ಒಂದು ಬೆರಳು ಎತ್ತಿ ತೋರಿಸಿದ. ಒಂದು ಡಾಲರ್.

ನಾನು ಆ ಹುಡುಗಿಯ ಅಮ್ಮನ ಮುಖ ನೋಡಲಾರದೆ ನೀರಿನ ಬಾಟಲಿ ಜೋಡಿಸುತ್ತಾ ನಿಂತೆ.

ಮನೆಗೆ ಹೋಗುವಾಗ ಕಾರಿನಲ್ಲಿ ಲೆಕ್ಕ ನಡೆಯಿತು. "ಇನ್ನೊಂದು ನನ್ನ ಕಾಲಿಗೆ ತಾಗಿ ಹೋಗಿದ್ದಮ್ಮ, ಅದೂ ನಂದೇ. ಒಟ್ಟು ನಾಲ್ಕು." ಆಟ ಹೇಗಿತ್ತು, ಯಾರು ಬಿದ್ದರು, ಯಾರು ನಗಿಸಿದರು, ಒಂದೂ ಇಲ್ಲ. ಮಂಗಳವಾರ ಪ್ರಾಕ್ಟೀಸಿಗೆ ಹೊರಡಿಸಿದರೆ ಕೇಳಿದ: "ಇವತ್ತು ದುಡ್ಡಿಲ್ಲ ಅಲ್ವಾ?" ಅಲ್ಲಿ ಹೋಗಿ ಸುಮ್ನೆ ನಿಂತ. ಹಿತ್ತಲಲ್ಲಿದ್ದ ಬಾಲ್ ಗಾಳಿ ಇಳಿದು ಬೇಲಿಯ ಮೂಲೆಯಲ್ಲಿ ಬಿದ್ದಿತ್ತು. ಅವನು ಅದನ್ನು ಮುಟ್ಟಿ ಎಷ್ಟು ದಿನ ಆಗಿತ್ತೋ. ಆಗ ನನಗೆ ನಿಜಕ್ಕೂ ಭಯ ಆಯ್ತು. ಪಾಸ್ ಕೊಡದಿರೋದನ್ನು ತಿದ್ದಬಹುದು. ಬಾಲ್ ಕಂಡರೂ ಒದೆಯೋಣ ಅನ್ನಿಸದ ಮಗುವಿಗೆ ಏನು ಕಲಿಸೋದು?

ಮೊದಲು ನಾನು ಮಾಡಿದ್ದು ತಪ್ಪು ಮದ್ದು. ಗೋಲಿಗೆ ಬೇಡ, ಪಾಸಿಗೆ ಕೊಡೋಣ ಅಂದುಕೊಂಡೆ. ಒಂದು ಒಳ್ಳೆ ಪಾಸಿಗೆ ಅರ್ಧ ಡಾಲರ್. ಆ ಶನಿವಾರ ಗೋಲು ಎದುರಿಗೇ ತೆರೆದಿದ್ದರೂ ಅವನು ಹಿಂದಕ್ಕೆ ತಿರುಗಿ ಗೆಳೆಯನಿಗೆ ಪಾಸ್ ಕೊಟ್ಟ. ವಾಪಸ್ ಕೊಡು ಅಂದ. ಮತ್ತೆ ಕೊಟ್ಟ. ನಾವು ಯಾವುದಕ್ಕೆ ಬೆಲೆ ಕಟ್ಟಿದೆವೋ ಅದನ್ನೇ ಅವನು ತಂದು ಕೊಡುತ್ತಿದ್ದ. ಅದರಲ್ಲಿ ಅವನ ತಪ್ಪು ಒಂದಿಷ್ಟೂ ಇಲ್ಲ. ಜಾಗ ಬಿಟ್ಟು ನಿಲ್ಲೋದು, ಬಾಲ್ ಕಳೆದುಕೊಂಡ ಗೆಳೆಯನ ಹಿಂದೆ ಓಡಿ ಸಹಾಯ ಮಾಡೋದು, ಎದುರಾಳಿಯ ದಾರಿಗೆ ಅಡ್ಡ ನಿಲ್ಲೋದು, ಇವನ್ನೆಲ್ಲ ಯಾರು ಎಣಿಸ್ತಾರೆ? ಫುಟ್‌ಬಾಲ್‌ನಲ್ಲಿ ಹೆಚ್ಚಿನ ಪಾಲು ಎಣಿಕೆಗೆ ಸಿಗದ ಕೆಲಸವೇ.

ನಮ್ಮ ಟೀಮಿನ ಇನ್ನೊಬ್ಬ ತಾಯಿ ಪ್ರೀಸ್ಕೂಲ್ ಟೀಚರ್. ನಾನು ಹೇಳಿಕೊಂಡಾಗ ಅವರು ಒಂದು ಹಳೆಯ ಪ್ರಯೋಗದ ಬಗ್ಗೆ ಹೇಳಿದರು. ಡಂಬಾರ್ಟನ್ ಸೇತುವೆ ದಾಟಿದರೆ ನಮಗೆ ಸ್ಟ್ಯಾನ್‌ಫರ್ಡ್ ಹತ್ತಿರವೇ. ಆ ವಿಶ್ವವಿದ್ಯಾಲಯದ ಬಿಂಗ್ ನರ್ಸರಿ ಶಾಲೆಯಲ್ಲಿ ಮನೋವಿಜ್ಞಾನಿಗಳಾದ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಮಾಡಿದ್ದು, 1973ರಲ್ಲಿ ಪ್ರಕಟವಾದದ್ದು. ತಾವಾಗೇ ಚಿತ್ರ ಬಿಡಿಸಲು ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳನ್ನು ಆರಿಸಿ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ, ಚಿತ್ರ ಬಿಡಿಸಿದರೆ ಬಂಗಾರದ ಬಣ್ಣದ ನಕ್ಷತ್ರ, ರಿಬ್ಬನ್ ಇರುವ 'ಗುಡ್ ಪ್ಲೇಯರ್' ಸರ್ಟಿಫಿಕೇಟ್ ಕೊಡ್ತೀವಿ ಅಂತ ಮೊದಲೇ ಹೇಳಿದರು. ಎರಡನೇ ಗುಂಪಿಗೆ ಏನೂ ಹೇಳದೆ, ಬಿಡಿಸಿದ ಮೇಲೆ ಅದನ್ನೇ ಕೊಟ್ಟರು. ಮೂರನೆಯದಕ್ಕೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು ತರಗತಿಯಲ್ಲಿ ಬಣ್ಣದ ಪೆನ್ನು ಸುಮ್ಮನೆ ಇಟ್ಟು ನೋಡಿದರು. ಮೊದಲೇ ಆಸೆ ತೋರಿಸಿದ್ದ ಮಕ್ಕಳು ಚಿತ್ರಕ್ಕೆ ಕೊಟ್ಟ ಸಮಯ ಉಳಿದವರು ಕೊಟ್ಟಿದ್ದರಲ್ಲಿ ಹೆಚ್ಚುಕಮ್ಮಿ ಅರ್ಧ. ದಿಢೀರನೆ ಬಹುಮಾನ ಸಿಕ್ಕವರ ಇಷ್ಟ ಕಮ್ಮಿ ಆಗಿರಲಿಲ್ಲ.

ಅದನ್ನು ಕೇಳುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಬೇಲಿ ಮೂಲೆಯ ಬಾಲ್.

ಈ ವಿಷಯದಲ್ಲಿ ಸಂಶೋಧಕರ ನಡುವೆ ವರ್ಷಗಟ್ಟಲೆ ವಾದ ನಡೆದಿದೆ. 1999ರಲ್ಲಿ ಎಡ್ವರ್ಡ್ ಡೆಸಿ ಮತ್ತು ಜೊತೆಯವರು 128 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಇಷ್ಟಪಟ್ಟು ಮಾಡುವ ಕೆಲಸಕ್ಕೆ ಮೊದಲೇ ಹೇಳಿ ಕೊಡುವ ವಸ್ತು ಬಹುಮಾನ ಆ ಇಷ್ಟವನ್ನು ತಗ್ಗಿಸುತ್ತದೆ, ಬೇಜಾರಿನ ಕೆಲಸಕ್ಕೆ ಈ ಮಾತು ಅಷ್ಟು ಅನ್ವಯಿಸುವುದಿಲ್ಲ ಎಂದರು. ಈ ವ್ಯತ್ಯಾಸವೇ ಅಪ್ಪನ ಜೊತೆ ಮಾತಾಡುವಾಗ ನನ್ನ ಸಹಾಯಕ್ಕೆ ಬಂದದ್ದು.

ಅಪ್ಪನಿಗೆ ನೋವಾಯ್ತು. "ನಿನಗೂ ವಾಚ್ ಕೊಡಿಸಿದ್ನಲ್ಲಮ್ಮ, ನೀನೇನು ಹಾಳಾದ್ಯಾ?" ಅಂದರು. ಇಲ್ಲಪ್ಪ, ಹಾಳಾಗಲಿಲ್ಲ. ಆದರೆ ಎಸ್ಸೆಸ್ಸೆಲ್ಸಿ ನನಗೆ ಇಷ್ಟ ಇರಲಿ ಬಿಡಲಿ ಬರೆಯಲೇಬೇಕಾಗಿತ್ತು. ಅದು ಒಂದು ಸಲ ಮುಗಿಯುವ ಕೆಲಸ. ಇದು ಆಟ. ಇವನು ನಾಳೆಯೂ ಆಡಬೇಕು ಅನ್ನಿಸಿಕೊಳ್ಳಬೇಕು, ಅಷ್ಟೇ ನಮಗೆ ಬೇಕಾದ್ದು. ಅಪ್ಪ ತುಂಬಾ ಹೊತ್ತು ಸುಮ್ಮನಿದ್ದು, "ಕೊಟ್ಟ ಮಾತು ತಪ್ಪಬಾರದು, ಇದುವರೆಗಿಂದು ಕೊಟ್ಟುಬಿಡ್ತೀನಿ" ಅಂದರು. ಸರಿಯಾದ ಮಾತು. ಬಾಟಲಿ ಸುರಿದು ಎಣಿಸಿದೆವು, ಬಾಕಿಯೂ ಸೇರಿ 17 ಡಾಲರ್. ಪೂರ್ತಿ ಅವನ ಕೈಗೆ ಕೊಟ್ಟು ಹೇಳಿದೆ: "ಇನ್ಮೇಲೆ ಆಟಕ್ಕೆ ದುಡ್ಡಿಲ್ಲ ಪುಟ್ಟ. ನೀನೇನೂ ತಪ್ಪು ಮಾಡಿಲ್ಲ. ದುಡ್ಡಿನ ವಿಷಯ ತಂದು ತಪ್ಪು ಮಾಡಿದ್ದು ನಾವು."

ಅತ್ತ. ಮ್ಯಾಚಿಗೆ ಬರಲ್ಲ ಅಂದ. ಬಂದ, ಮತ್ತೆ ಹುಲ್ಲು ಕೀಳುತ್ತಾ ನಿಂತ. ಎರಡು ವಾರ ಹೀಗೇ ಹೋಯ್ತು. ಇದನ್ನು ಓದುತ್ತಿರುವ ಅಪ್ಪ ಅಮ್ಮಂದಿರಿಗೆ ನಾನು ಒತ್ತಿ ಹೇಳಬೇಕಾದ್ದು ಈ ಎರಡು ವಾರದ ಬಗ್ಗೆಯೇ. ದುಡ್ಡು ನಿಲ್ಲಿಸಿದ ತಕ್ಷಣ ಮಗು ಚೆನ್ನಾಗಿ ಆಡೋದಿಲ್ಲ. ಮೊದಲಿಗಿಂತ ಕೆಟ್ಟದಾಗಿ ಕಾಣುತ್ತದೆ. ಇನ್ನೊಂದು ಸಲ ಕೊಟ್ಟುಬಿಡೋಣ ಅನ್ನಿಸುತ್ತದೆ. ನನಗೆ ದಿನಾ ಅನ್ನಿಸಿತು.

ಆ ದಿನಗಳಲ್ಲೇ ಒಂದು ಸಂಜೆ ಅವನ ಶೂ ಲೇಸು ಕಟ್ಟುತ್ತಾ, ಮುಖ ನೋಡದೆ ಕೇಳಿದೆ. "ಬಾಲ್ ಹತ್ತಿರ ಬಂದಾಗ ಏನನ್ಸುತ್ತೆ ಪುಟ್ಟ?" ಅವನು ಸ್ವಲ್ಪ ಹೊತ್ತು ಬಿಟ್ಟು ಹೇಳಿದ: "ಬಾಲ್ ನನ್ನ ಹತ್ರ ಬಂದ್ರೆ ಎಲ್ರೂ ನನ್ನ ಮೇಲೇ ಬರ್ತಾರಮ್ಮ."

ಅಷ್ಟೇ. ಹೆದರಿಕೆ. ಅವನು ಸೋಮಾರಿ ಅಲ್ಲ, ಆಸಕ್ತಿ ಇಲ್ಲದೆಯೂ ಅಲ್ಲ. ಡಾಲರ್ ಆ ಹೆದರಿಕೆಯ ಮೇಲೆ ಬಟ್ಟೆ ಹೊದಿಸಿತ್ತು. ಇದನ್ನು ನಾನು ಮೊದಲ ವಾರವೇ ಕೇಳಬಹುದಿತ್ತು. ಕೇಳಿರಲಿಲ್ಲ.

ಅಲ್ಲಿಂದ ಕೆಲಸ ಸುಲಭ ಆಯ್ತು. ಬಾಲಿಗೆ ಗಾಳಿ ತುಂಬಿದೆ. ಹಿತ್ತಲಲ್ಲಿ ದಿನಾ ಹತ್ತು ನಿಮಿಷ ನಾನು, ಅವನು. ನಾನು ಹಿಂದಿನಿಂದ ಮೆತ್ತಗೆ ಒತ್ತಬೇಕು, ಅವನು ನನಗೆ ಬೆನ್ನು ಕೊಟ್ಟು, ಮೊಣಕಾಲು ಸ್ವಲ್ಪ ಬಗ್ಗಿಸಿ, ಬಾಲನ್ನು ದೂರದ ಕಾಲಿನಲ್ಲಿ ಇಟ್ಟುಕೊಂಡು ಕಾಯಬೇಕು. ಐದು ಎಣಿಸೋವರೆಗೆ. ಮೊದಲ ದಿನ ಎರಡಕ್ಕೇ ಬಿಟ್ಟುಕೊಟ್ಟ. ಒಂದು ವಾರದಲ್ಲಿ ಐದಾದರೂ ಬಿಡಲಿಲ್ಲ, ಬೆನ್ನಿನಿಂದ ನನ್ನನ್ನೇ ತಳ್ಳಿದ. ಪ್ರಾಕ್ಟೀಸಿನಲ್ಲಿ ಶಾರ್ಕ್ ಆಟ ಜಾಸ್ತಿ ಆಡಿಸಿದೆ. ಎಲ್ಲರೂ ಬಾಲ್ ತಳ್ಳಿಕೊಂಡು ಆಚೆ ದಡಕ್ಕೆ ಹೋಗಬೇಕು, ನಡುವೆ ಇರುವ ಶಾರ್ಕ್ ಬಾಲನ್ನು ಒದ್ದು ಹೊರಗೆ ಹಾಕುತ್ತದೆ. ಮೈಮೇಲೆ ಬರುವವರಿಂದ ತಪ್ಪಿಸಿಕೊಳ್ಳೋದೇ ಅಲ್ಲಿ ಮಜಾ. ಅವನು ಕಿರುಚಿಕೊಂಡು ನಗುತ್ತಾ ಓಡಿದ.

ಮನೆಯಲ್ಲೂ ಕೆಲವು ಬದಲಾವಣೆ ಮಾಡಿಕೊಂಡೆವು. ಮ್ಯಾಚ್ ಮುಗಿದ ಮೇಲೆ ಕಾರಿನಲ್ಲಿ ಅವನಾಗಿ ಬಾಯಿ ತೆಗೆಯುವವರೆಗೆ ನಾವು ಆಟದ ಮಾತೆತ್ತುವುದಿಲ್ಲ. ಶನಿವಾರ ಮನೆಗೆ ಬಂದರೆ ದೋಸೆ. ಗೆದ್ದರೂ ದೋಸೆ, ಸೋತರೂ ದೋಸೆ. ಜೊತೆಗೆ ಬರುವ ಗೆಳೆಯರಿಗೂ. ಬ್ಯಾಗ್ ತಾನೇ ಜೋಡಿಸಿಕೊಂಡರೆ, ಅಂದರೆ ಶಿನ್ ಗಾರ್ಡು, ನೀರು, ಸಾಕ್ಸ್ ಎಲ್ಲ ಇಟ್ಟುಕೊಂಡರೆ, ಫ್ರಿಜ್ ಬಾಗಿಲಿಗೆ ಒಂದು ಸ್ಟಿಕರ್ ಅಂಟಿಸಲು ಮಾತ್ರ ಬಿಟ್ಟೆ. ಅದು ಯಾರಿಗೂ ಇಷ್ಟವಿಲ್ಲದ ಕೆಲಸ. ಮೂರು ವಾರಕ್ಕೆ ಅಭ್ಯಾಸ ಆಯ್ತು, ಸ್ಟಿಕರ್ ಅವನೇ ಮರೆತ.

ಕೋಚ್ ಆಗಿ ನಾನು ರೂಢಿ ಮಾಡಿಕೊಂಡದ್ದು ಒಂದಿದೆ. ಆಟ ಮುಗಿದು ಮಕ್ಕಳು ಕಿತ್ತಳೆ ಹಣ್ಣು ತಿನ್ನುತ್ತಾ ಕೂತಾಗ, ಒಬ್ಬೊಬ್ಬರಲ್ಲೂ ನಾನು ಕಣ್ಣಾರೆ ಕಂಡ ಒಂದು ವಿಷಯ ಹೇಳೋದು. "ನೀನು ಬಾಲ್ ಕಳಕೊಂಡ ಮೇಲೆ ನಿಲ್ಲದೆ ಹಿಂದೆ ಓಡಿದೆ." "ಆ ಕಡೆಯ ಹುಡುಗ ಬಿದ್ದಾಗ ಕೈ ಕೊಟ್ಟೆ." ಸುಮ್ನೆ 'ಸೂಪರ್' ಅಂದರೆ ಮಕ್ಕಳಿಗೆ ಗೊತ್ತಾಗುತ್ತದೆ. ನೋಡಿ ಹೇಳಿದರೆ ಅವರ ಬೆನ್ನು ನೆಟ್ಟಗಾಗುತ್ತದೆ. ಇದಕ್ಕಾಗಿ ಆಟದುದ್ದಕ್ಕೂ ಎಂಟು ಮಕ್ಕಳನ್ನೂ ನೋಡಬೇಕು, ನನ್ನ ಮಗನೊಬ್ಬನನ್ನೇ ನೋಡ್ತಾ ಕೂರೋಕಾಗಲ್ಲ. ನನಗೆ ಅದೂ ಬೇಕಾಗಿತ್ತು.

ಎರಡು ಜಡೆಯ ಹುಡುಗಿಯ ಅಮ್ಮನ ಹತ್ತಿರ ಹೋಗಿ ಎಲ್ಲ ಹೇಳಿ ಕ್ಷಮೆ ಕೇಳಿದೆ. ಅವರು ನನ್ನ ಕೈ ಹಿಡಿದುಕೊಂಡರು. ಆದರೆ ಆ ಸೀಸನ್ ಮುಗಿಯುವವರೆಗೂ ಅವಳಿಗೆ ಗೋಲು ಬರಲಿಲ್ಲ. ಮುಂದಿನ ವರ್ಷ ಟೀಮುಗಳನ್ನು ಹೊಸದಾಗಿ ಹಂಚುವಾಗ ಅವಳು ಬೇರೆ ಟೀಮಿಗೆ ಹೋದಳು. ಆ ಒಂದು ಗೋಲು ಅವಳದ್ದಾಗಿತ್ತು. ನನಗೆ ಅದು ಈಗಲೂ ಮನಸ್ಸಿನಲ್ಲಿ ಚುಚ್ಚುತ್ತದೆ.

ಪುಟ್ಟನಿಗೆ ಈಗ ಒಂಬತ್ತು. ಏಳೇಳು ಜನರ ಆಟಕ್ಕೆ ಬಂದಿದ್ದಾನೆ. ಬಾಲ್ ನಾಲ್ಕನೇ ಸೈಜಿನದು, ಗೋಲ್‌ಕೀಪರ್ ಇದ್ದಾರೆ, ಈ ವಯಸ್ಸಿನವರು ತಲೆಯಿಂದ ಹೊಡೆಯುವ ಹಾಗಿಲ್ಲ. ಅವನು ತಾನಾಗೇ ಕೇಳಿಕೊಂಡು ಹಿಂದೆ, ಡಿಫೆನ್ಸಿನಲ್ಲಿ ಆಡುತ್ತಾನೆ. ಈ ವರ್ಷ ಒಂದೂ ಗೋಲು ಹೊಡೆದಿಲ್ಲ.

ಹೋದ ಭಾನುವಾರ ಮೈಸೂರಿಗೆ ವೀಡಿಯೊ ಕಾಲ್ ಮಾಡಿದಾಗ ಅಪ್ಪ ಅಭ್ಯಾಸಬಲದಿಂದ ಕೇಳಿದರು, "ಎಷ್ಟು ಗೋಲ್ ಹೊಡೆದ್ಯೋ ಕಂದ?" "ತಾತ, ನಾನು ಡಿಫೆಂಡರ್" ಅಂತ ಅವನು ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ, ಊಟದ ಮೇಜಿನ ಮೇಲೆ ಚಮಚ ಜೋಡಿಸತೊಡಗಿದ. ಇದು ನಾನು, ಇದು ನಮ್ಮ ಕೀಪರ್, ಈ ಲೋಟ ಅವರ ಕಡೆಯ ಉದ್ದದ ಹುಡುಗ. ಲೋಟ ಚಮಚದ ಕಡೆ ಜರುಗಿತು. ಅಪ್ಪ ಕನ್ನಡಕ ಸರಿಮಾಡಿಕೊಂಡು ಪರದೆಗೆ ಮುಖ ಹತ್ತಿರ ತಂದರು.

"ಆಮೇಲೆ? ಅವನು ಎಡಗಡೆಯಿಂದ ಬಂದ್ನಾ?"